ಮೋಡ ಎಂದು ಬರೆದ ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ನಕ್ಷತ್ರವನ್ನೂ ಕಂಡುಹಿಡಿದವನಲ್ಲ. ಮೂವತ್ತೇಳು ವರ್ಷ ಆಕಾಶ ಕಾಯುವ ಕೆಲಸ ಮಾಡಿ, ನಿವೃತ್ತನಾಗಿ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಕೂತಿದ್ದೇನೆ. ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲು ಕೂತಲ್ಲೇ ತೂಕಡಿಸುತ್ತೇನೆ. ಬಡ್ತಿ ಎಷ್ಟು ಸಿಕ್ಕಿತು, ಯಾವಾಗ ಸಿಕ್ಕಿತು ಎಂಬುದನ್ನೆಲ್ಲ ಬರೆಯಲು ನನಗೆ ತಾಳ್ಮೆಯಿಲ್ಲ, ಓದಲು ನಿಮಗೂ ಇರಲಾರದು.

ಮೊನ್ನೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಿದ್ದಳು. "ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್, ಬರೆದುಕೊಡಿ" ಎಂದಳು. ಈಗ ಹೇಗಿದೆ ಎಂದು ನಾನೇ ಕೇಳಿದೆ. ಎಲ್ಲೋ ಬೆಟ್ಟದ ತುದಿಯಲ್ಲಿರುವ ದೂರದರ್ಶಕ ತಾನೇ ಛಾವಣಿ ತೆರೆದುಕೊಂಡು, ಇಡೀ ಆಕಾಶದ ಚಿತ್ರ ತೆಗೆದು, ನಿನ್ನೆ ಇಲ್ಲದ ಬೆಳಕು ಇವತ್ತು ಎಲ್ಲಿ ಬಂದಿದೆ ಎಂದು ತಾಳೆ ನೋಡಿ, ಬೆಳಿಗ್ಗೆ ಅವಳ ಫೋನಿಗೆ ಪಟ್ಟಿ ಕಳಿಸುತ್ತದಂತೆ. ಯಾವ ಗ್ಯಾಲಕ್ಸಿಯಲ್ಲಿ ಯಾವ ನಕ್ಷತ್ರ ಸಿಡಿಯಿತು ಎಂಬುದನ್ನು ಅವಳು ಕಾಫಿ ಕುಡಿಯುತ್ತ ಓದುತ್ತಾಳೆ. ಮೋಡ ಬಂದರೆ ಅದನ್ನೂ ಯಂತ್ರವೇ ಬರೆದುಕೊಳ್ಳುತ್ತದೆ ಎಂದಳು. ಆ ಮಾತಿಗೆ ಮಾತ್ರ ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಕಾಲದಲ್ಲಿ ಮೋಡವನ್ನು ಮನುಷ್ಯ ಬರೆಯುತ್ತಿದ್ದ. ನಾನು ಬರೆಯುತ್ತಿದ್ದೆ.

ವಯನಾಡಿನಲ್ಲಿ, ತೃಶ್ಶಿಲೇರಿಯಿಂದ ಮೇಲೆ ಎರಡು ಗಂಟೆ ಹತ್ತಿದರೆ ಸಿಗುವ ಒಂದು ಬೋಳು ಗುಡ್ಡದ ಮೇಲೆ ನಮ್ಮ ಕ್ಯಾಂಪು. ಮಳೆಗಾಲ ಕಳೆದ ಮೇಲೆ ತೆರೆದರೆ ಮತ್ತೆ ಮಳೆ ಬೀಳುವವರೆಗೆ ಕೆಲಸ. ಹಳಿಯ ಮೇಲೆ ಜಾರುವ ತಗಡಿನ ಛಾವಣಿಯ ಒಂದು ಕೋಣೆ, ಅದರೊಳಗೆ ಅಗಲ ಕಣ್ಣಿನ ಒಂದು ಕ್ಯಾಮೆರಾ, ಪಕ್ಕದಲ್ಲಿ ಮಲಗುವ ಗುಡಿಸಲು, ಅಡುಗೆ ಚಾವಡಿ. ನಮ್ಮ ಮನೆತನದವರು ಗುಂಡ್ಲುಪೇಟೆ ಕಡೆಯಿಂದ ಬಂದು ಬಾವಲಿಯಲ್ಲಿ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ. ಎರಡೂ ಬರುತ್ತದೆ, ಗಣಿತವೂ ತಕ್ಕಮಟ್ಟಿಗೆ ಬರುತ್ತದೆ ಎಂದು ನನ್ನನ್ನು ಇಪ್ಪತ್ಮೂರನೇ ವಯಸ್ಸಿಗೆ ವೀಕ್ಷಕನಾಗಿ ತೆಗೆದುಕೊಂಡರು.

ಕೆಲಸವೇನೆಂದರೆ, ಕನ್ಯಾ ರಾಶಿಯ ಕಡೆ ಗ್ಯಾಲಕ್ಸಿಗಳು ಗುಂಪು ಗುಂಪಾಗಿವೆ. ಅವುಗಳ ಚಿತ್ರವನ್ನು ತಿಂಗಳಿಲ್ಲದ ರಾತ್ರಿಗಳಲ್ಲಿ ಗಾಜಿನ ಪ್ಲೇಟಿನ ಮೇಲೆ ತೆಗೆಯಬೇಕು. ಒಂದೊಂದು ಪ್ಲೇಟಿಗೆ ಮುಕ್ಕಾಲು ಗಂಟೆ ಬೆಳಕು ಕುಡಿಸಬೇಕು. ಆ ಮುಕ್ಕಾಲು ಗಂಟೆಯೂ ಪಕ್ಕದ ಸಣ್ಣ ದೂರದರ್ಶಕಕ್ಕೆ ಕಣ್ಣು ಹಚ್ಚಿ, ಒಂದು ನಕ್ಷತ್ರವನ್ನು ಎರಡು ಗೆರೆ ಕೂಡುವ ಜಾಗದಿಂದ ಅಲ್ಲಾಡದಂತೆ ತಿರುಪು ತಿರುಗಿಸುತ್ತ ಹಿಡಿದಿರಬೇಕು. ಕೆಮ್ಮಿದರೆ ನಕ್ಷತ್ರ ಉದ್ದವಾಗುತ್ತದೆ. ಸೀನಿದರೆ ಎರಡಾಗುತ್ತದೆ. ಹಗಲು ಎದ್ದು ಆ ಪ್ಲೇಟನ್ನು ತೊಳೆದು, ಹಳೆಯ ಪ್ಲೇಟಿನ ಜೊತೆ ಯಂತ್ರದಲ್ಲಿಟ್ಟು, ಒಮ್ಮೆ ಇದು ಒಮ್ಮೆ ಅದು ಕಣ್ಣಿಗೆ ಬೀಳುವಂತೆ ಟಕ್ ಟಕ್ ಎಂದು ಬದಲಿಸುತ್ತ, ಯಾವ ಚುಕ್ಕೆ ಹೊಸದು ಎಂದು ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಹುಡುಕುವುದಕ್ಕಿಂತ ಹೆಚ್ಚೇನಿಲ್ಲ. ಒಂದು ಋತುವಿಗೆ ಒಂದು ಕಲ್ಲು ಸಿಕ್ಕರೆ ಪುಣ್ಯ.

ನನಗೆ ಮೊದಲ ವರ್ಷವೇ ಸಿಕ್ಕಿತ್ತು. ಒಂದು ಗ್ಯಾಲಕ್ಸಿಯ ಪಕ್ಕ ದುಂಡನೆಯ ಕಪ್ಪು ಚುಕ್ಕೆ. (ಪ್ಲೇಟಿನಲ್ಲಿ ಬೆಳಕು ಕಪ್ಪಾಗಿಯೇ ಕಾಣುವುದು.) ಕುಣಿದಾಡಿಬಿಟ್ಟೆ. ತಂತಿಗೆ ಒಕ್ಕಣೆ ಬರೆದು ಅಡುಗೆಯ ವರ್ಕಿಯನ್ನು ಮಾನಂತವಾಡಿಗೆ ಓಡಿಸಿಯೂ ಆಗಿತ್ತು. ನಮ್ಮ ಮೇಲಧಿಕಾರಿ ದಾಮೋದರನ್ ಸಾರ್ ಪ್ಲೇಟನ್ನು ಕಿಟಕಿಗೆ ಹಿಡಿದು, ಭೂತಗಾಜಿನಲ್ಲಿ ನೋಡಿ, "ನಿನ್ನ ಈ ನಕ್ಷತ್ರಕ್ಕೆ ಆರು ಕಾಲಿದೆ ಕಣೋ" ಎಂದರು. ಪ್ಲೇಟು ತುಂಬುವಾಗ ಪೆಟ್ಟಿಗೆಯೊಳಗೆ ಮಿಂಚುಹುಳು ಸೇರಿಕೊಂಡು ಬೆಳಕು ಚೆಲ್ಲಿತ್ತು. ವರ್ಕಿಯನ್ನು ಅರ್ಧ ದಾರಿಯಿಂದ ಕೂಗಿ ಕರೆಸಿದೆವು. ಅವನು ಪಯ್ಯಂಪಳ್ಳಿಯವನು, ಬಾಯಿ ಸುಮ್ಮನಿರುವುದಿಲ್ಲ. ಆಮೇಲೆ ಒಂದು ತಿಂಗಳು "ಸಾರೇ, ಇವತ್ತು ಎಷ್ಟು ಹುಳ ಕಂಡುಹಿಡಿದಿರಿ?" ಎಂದು ಗಂಜಿ ಬಡಿಸಿದ.

ದಾಮೋದರನ್ ಸಾರ್ ಬೈಯುತ್ತಿದ್ದುದು ಮಲಯಾಳಂನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬಿಸಿ ಅಷ್ಟು ತಟ್ಟಲಾರದು. ಒಣಕಲು ಮನುಷ್ಯ, ಬೆರಳೆಲ್ಲ ತೊಳೆಯುವ ಔಷಧಿಯಿಂದ ಹಳದಿ. ತಪ್ಪು ಮಾಡಿದರೆ ಕ್ಷಮಿಸುತ್ತಿದ್ದರು, ತಪ್ಪನ್ನು ಬರೆಯದಿದ್ದರೆ ಕ್ಷಮಿಸುತ್ತಿರಲಿಲ್ಲ. ಅದಕ್ಕೊಂದು ದಪ್ಪ ಪುಸ್ತಕವಿತ್ತು, ರಾತ್ರಿ ಪುಸ್ತಕ ಎನ್ನುತ್ತಿದ್ದೆವು. ಆಕಾಶ ಹೇಗಿತ್ತು, ಎಷ್ಟು ಪ್ಲೇಟು, ಎಷ್ಟು ಹೊತ್ತು, ಯಾರು ಯಾರು ಇದ್ದರು ಎಲ್ಲ ಅದರಲ್ಲಿ ಬರೆದು ಸಹಿ ಹಾಕಬೇಕು.

ಇನ್ನು ಕೇತ. ನಮ್ಮ ಸಹಾಯಕ. ಕಾಟ್ಟುನಾಯ್ಕರೆಂಬ ಕಾಡಿನ ಜನದವನು, ನೂಲ್ಪುಳ ಕಡೆಯ ಕಾಡಿನ ಹಾಡಿಯಲ್ಲಿ ಹುಟ್ಟಿ ಹೆಣ್ಣು ತಂದ ಕಡೆ, ನಮ್ಮ ಗುಡ್ಡದ ಬುಡದಲ್ಲಿ ನೆಲೆ ನಿಂತವನು. ನಲವತ್ತರ ಆಸುಪಾಸು. ಜೇನು ಕೀಳುವ ಕೈ. ಛಾವಣಿಯ ಹಗ್ಗ ಎಳೆಯುವುದು, ಕ್ಯಾಮೆರಾ ತಿರುಗಿಸುವ ಗಡಿಯಾರದ ಭಾರದ ಗುಂಡು ಕೆಳಗಿಳಿದಾಗ ಸುತ್ತಿ ಮೇಲೆತ್ತುವುದು, ಆನೆ ಬಂದರೆ ಹೇಳುವುದು ಅವನ ಕೆಲಸ. ಅವನ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಇಡೀ ಗುಡ್ಡದಲ್ಲಿ ಮಲಯಾಳಂ ಬಿಟ್ಟು ಮಾತಾಡಲು ನನಗೆ ಅವನೊಬ್ಬನೇ, ಅವನಿಗೆ ನಾನೊಬ್ಬನೇ. ನಾನು ಕೇತಣ್ಣ ಎನ್ನುತ್ತಿದ್ದೆ. ಅವನು ನನ್ನನ್ನು ತಮ್ಮ ಎನ್ನುತ್ತಿದ್ದ.

"ತಮ್ಮ, ಅದು ಮೋಡ ಅಲ್ಲ ಕನಾ. ಅಚ್ಚೆ ಕಾಡ್ಗೆ ಬೆಂಕಿ ಬಿದ್ದದೆ, ಹೊಗೆ. ಒಂದ್ ಬೀಡಿ ಸೇದಗಂಟ ಇರು, ಹೋಯ್ತದೆ" ಎನ್ನುವನು. ಬೀಡಿ ಮುಗಿಯುವುದರೊಳಗೆ ಹೋಗುತ್ತಿತ್ತು. ನಮ್ಮ ಹವಾಮಾನದ ಉಪಕರಣ ಯಾವತ್ತೂ ಅಷ್ಟು ಸರಿ ಹೇಳಲಿಲ್ಲ.

ಆ ವರ್ಷಗಳು ವಯನಾಡಿನಲ್ಲಿ ಎಂಥ ವರ್ಷಗಳೆಂದು ಹಿರಿಯರಿಗೆ ಗೊತ್ತಿದೆ. ಜನ್ಮಿ ಎನ್ನುವ ಜಮೀನ್ದಾರರ ಮನೆಗೆ ನುಗ್ಗಿ ಕಣಜ ಒಡೆದರು, ಅಕ್ಕಿ ಹಂಚಿದರು, ಕಡಿದರು ಎಂಬ ಸುದ್ದಿ. ಎಲ್ಲರ ಬಾಯಲ್ಲೂ ನಕ್ಸಲ್ ಎಂಬ ಒಂದೇ ಮಾತು. ಗುಡ್ಡದ ಬುಡದಲ್ಲಿ ಪೊಲೀಸ್ ಕ್ಯಾಂಪು ಬಿತ್ತು. ಹಾಡಿಗಳ ಗಂಡಸರು ಹಗಲು ಕೂಲಿಗೆ ಹೋದರೆ ಸಂಜೆ ಮನೆಗೆ ಬರುತ್ತಾರೆಂಬ ಖಾತ್ರಿ ಇರಲಿಲ್ಲ. ನಾವು ಮೇಲೆ ಕೂತು ಕೋಟಿ ಕೋಟಿ ವರ್ಷದ ಹಿಂದಿನ ಬೆಳಕು ಹಿಡಿಯುತ್ತಿದ್ದೆವು.

ಪೊಲೀಸರು ನಮ್ಮ ಬಳಿಗೂ ಬಂದರು. ಕಾರಣ ನಮ್ಮ ಟಾರ್ಚು. ಕತ್ತಲಿಗೆ ಒಗ್ಗಿದ ಕಣ್ಣು ಕೆಡಬಾರದೆಂದು ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿಕೊಳ್ಳುವುದು ನಮ್ಮ ಪದ್ಧತಿ, ಲೋಕದಲ್ಲಿ ಎಲ್ಲ ವೀಕ್ಷಕರೂ ಹಾಗೇ ಮಾಡುತ್ತಾರೆ. ಗುಡ್ಡದ ಮೇಲೆ ರಾತ್ರಿಯಿಡೀ ಕೆಂಪು ದೀಪ ಓಡಾಡಿದರೆ, ಅದೂ ಅಂಥ ಕಾಲದಲ್ಲಿ, ಪೊಲೀಸರು ಏನೆಂದುಕೊಳ್ಳಬೇಕು? ಇನ್ಸ್‌ಪೆಕ್ಟರ್ ಹನ್ನೆರಡು ಜನರನ್ನು ಕಟ್ಟಿಕೊಂಡು ಹತ್ತಿ ಬಂದ. ದಾಮೋದರನ್ ಸಾರ್ ಅವನಿಗೆ ಶನಿಗ್ರಹದ ಬಳೆ ತೋರಿಸಿ, ಚಹಾ ಕುಡಿಸಿ ಕಳಿಸಿದರು. ಹೋಗುವಾಗ ಅವನು ಕೇತನ ಕೈಯಲ್ಲಿದ್ದ ಕೆಂಪು ಟಾರ್ಚನ್ನೇ ನೋಡುತ್ತಿದ್ದ. ನಾನು ಅದನ್ನು ಗಮನಿಸಿದೆ, ಮರೆತೆ.

ಈಗ ನಾಚಿಕೆಯ ಮಾತು. ನನಗಿಂತ ಮುಂಚೆ ಅಲ್ಲಿದ್ದ ವೀಕ್ಷಕ ಕೆಲಸ ಒಪ್ಪಿಸಿ ಹೋಗುವಾಗ ಒಂದು ಗುಟ್ಟು ಹೇಳಿಕೊಟ್ಟಿದ್ದ. "ಮೈಯಲ್ಲಿ ಆಗದ ದಿನ ಮೋಡ ಅಂತ ಬರೆ. ಯಾರೂ ಹೋಗಿ ನೋಡಲ್ಲ." ಈ ವೃತ್ತಿಯಲ್ಲಿ ಇದು ಎಲ್ಲ ಕಡೆಯೂ ಇತ್ತು, ಯಾರೂ ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಮೋಡ ಎಂದ ಮೇಲೆ ಪ್ಲೇಟು ಇಲ್ಲ. ಪ್ಲೇಟು ಇಲ್ಲವೆಂದ ಮೇಲೆ ಸಹಾಯಕನಿಗೇನು ಕೆಲಸ? ಸಂಜೆಯೇ ಹಾಡಿಗೆ ಹೋದ ಎಂಬ ಲೆಕ್ಕದಲ್ಲಿ "ಸಹಾಯಕ: ಇಲ್ಲ" ಎಂದು ಬರೆಯುವುದು ರೂಢಿ. ನಿಜವಾಗಿ ಕೇತ ಎಲ್ಲಿಗೂ ಹೋಗುತ್ತಿರಲಿಲ್ಲ. ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆಯಿರುತ್ತದೆ, ಯಾರೂ ಇಳಿಯುವುದಿಲ್ಲ. ನಮ್ಮ ಗುಡಿಸಲಿನ ಬಾಗಿಲಿಗೆ ಅಡ್ಡವಾಗಿ ಬೆಂಕಿ ಹಾಕಿಕೊಂಡು ಮಲಗುತ್ತಿದ್ದ.

ಆ ಸಲ ಹನ್ನೊಂದು ರಾತ್ರಿ ಸತತವಾಗಿ ಆಕಾಶ ತಿಳಿಯಾಗಿತ್ತು. ಹನ್ನೊಂದು ರಾತ್ರಿ ಎಂದು ಬರೆಯುವುದು ಸುಲಭ. ಹನ್ನೆರಡನೆಯ ಸಂಜೆ ನನಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಸಾರ್ ಹೊಸ ಪ್ಲೇಟು ತರಲು ಊರಿಗೆ ಹೋಗಿದ್ದರು. ವರ್ಕಿ ಪಯ್ಯಂಪಳ್ಳಿಯ ಇಗರ್ಜಿಯ ಪೆರುನ್ನಾಳ್ ಹಬ್ಬಕ್ಕೆ ಹೋಗಿದ್ದ. ಸಾಕಪ್ಪಾ ಸಾಕು ಎಂದು ಪುಸ್ತಕ ತೆಗೆದು ಮೋಡ, ಪ್ಲೇಟು ಇಲ್ಲ, ಸಹಾಯಕ ಇಲ್ಲ ಎಂದು ಬರೆದು ಸಹಿ ಹಾಕಿದೆ. ಮೇಲೆ ಚುಕ್ಕಿಗಳು ಎರಚಿದ ಹಾಗೆ ಇದ್ದವು. "ಬಾನು ಚೆಂದಾಗದೆಯಲ್ಲ ತಮ್ಮ?" ಎಂದ ಕೇತ. "ನೀನೂ ಬಿದ್ಕೊ ಕೇತಣ್ಣ" ಎಂದೆ. ಅವನು ನಕ್ಕು ಬಾಗಿಲಲ್ಲಿ ಮಲಗಿದ. ನಡುವೆ ಎರಡು ಸಲ ಎಚ್ಚರವಾದಾಗ ಅವನ ಗೊರಕೆ ಕೇಳಿತ್ತು.

ಆ ರಾತ್ರಿಯೇ ಕೆಳಗೆ ಒಬ್ಬ ಜನ್ಮಿಯ ಕಣಜ ಒಡೆದರು. ಕಾವಲಿನವನಿಗೆ ಬಲವಾದ ಏಟು ಬಿತ್ತು. ಮೂರನೆಯ ದಿನ ಹಾಡಿಗೆ ಹೋಗಿದ್ದ ಕೇತನನ್ನು ಇನ್ನೂ ನಾಲ್ವರ ಜೊತೆ ಎಳೆದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮತ್ತೆ ಗುಡ್ಡ ಹತ್ತಿ ಬಂದ. ಸಾರ್ ಅಷ್ಟರಲ್ಲಿ ವಾಪಸಾಗಿದ್ದರು.

"ಕೆಂಪು ಟಾರ್ಚಿನವನು, ಆ ರಾತ್ರಿ ನಕ್ಷತ್ರದವರ ಹತ್ತಿರ ಇದ್ದೆ ಅಂತ ಹೇಳ್ತಾನೆ. ಶರಿಯಾ?"

"ನಮ್ಮಲ್ಲಿ ಎಲ್ಲಕ್ಕೂ ಲಿಖಿತ ಉಂಟು" ಎಂದು ಸಾರ್ ಹೆಮ್ಮೆಯಿಂದಲೇ ಪುಸ್ತಕ ತಂದರು. ತೆರೆದು ಓದಿದರು. ಅವರ ದನಿ ಇಳಿಯಿತು. ಮೋಡ. ಸಹಾಯಕ ಇಲ್ಲ. ಕೆಳಗೆ ನನ್ನ ಸಹಿ.

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದ. "ಮೋಡವಾ? ನಾನು ಆ ರಾತ್ರಿ ಜೀಪಿನಲ್ಲಿ ಸುತ್ತುತ್ತಿದ್ದೆ. ನನಗೆ ಚುಕ್ಕಿ ಕಂಡ ಹಾಗಿತ್ತಲ್ಲ. ಮೋಡ ಇರಲಿಲ್ಲ ಅಂದರೆ ನೀನು ಎಲ್ಲಿದ್ದೆ ಮೋನೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕನ್ನಡದವನು, ಕಾಡಿನವರ ಭಾಷೆ ಬಲ್ಲವನು, ಕೆಂಪು ದೀಪ ಹಿಡಿದು ಗುಡ್ಡದ ಮೇಲಿರುವವನು. ನನ್ನನ್ನೂ ಒಯ್ಯಲು ಇದಕ್ಕಿಂತ ಇನ್ನೇನು ಬೇಕು? ಸಾರ್ ಪಾಪ, ನನ್ನ ಪರವಾಗಿ ಬಾಯಿ ಹಾಕಿದರು. "ಗುಡ್ಡದ ಮೇಲೆ ಮಂಜು ಕೂತರೆ ಕೆಳಗಿನವರಿಗೆ ಕಾಣುವುದಿಲ್ಲ. ಇವನು ಬರೆದಿದ್ದಾನೆಂದರೆ ಮೋಡ ಇತ್ತು."

"ಹೌದು ಸಾರ್. ಮೋಡ ಇತ್ತು" ಎಂದೆ.

ಅವನು ಪುಸ್ತಕದಿಂದ ಆ ಪುಟವನ್ನು ನಕಲು ಮಾಡಿಸಿಕೊಂಡು ಇಳಿದು ಹೋದ. ನಾನು ಪ್ಲೇಟು ತೊಳೆಯಲು ಹೋದೆ. ಎರಡು ಕೈತಪ್ಪಿ ಬಿದ್ದು ಒಡೆದವು.

ಮರುದಿನ ಕೇತನ ಹೆಂಡತಿ ಕಾಳಿ ಬಂದಳು. ಮೆಟ್ಟಿಲ ಮೇಲೆ ಕೂರಲಿಲ್ಲ, ನಿಂತೇ ಕೇಳಿದಳು. "ಅವ ನಿನ್ ಬಾಗ್ಲಲ್ಲೆ ಮಲ್ಗಿದ್ದ. ನೀ ದಾಟ್ಕಂಡು ಒಳೀಕ್ ಹೋಗಿದ್ದಿಯೆ. ನಿಂಗೆ ಕಾಣಾಕಿಲ್ವಾ?"

"ಬಿಡ್ತಾರೆ ಕಾಳಕ್ಕ. ಎರಡು ದಿನ ಇಟ್ಟುಕೊಂಡು ಬಿಡ್ತಾರೆ."

"ಅಲ್ಲಿ ಹೊಡಿತಾವ್ರೆ. ಕೂಗದು ರಸ್ತೆಗೆ ಕೇಳ್ತದೆ. ನೀ ಒಂದ್ ಮಾತು ಹೇಳ್ದ್ರೆ ಆಯ್ತದಂತೆ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಎರಡನೆಯ ದಿನ ಮತ್ತೆ ಬಂದು ಕೂತಳು. ಮೂರನೆಯ ದಿನವೂ ಬಂದಳು, ಆಮೇಲೆ ದಿನಾ ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಹಿಂದಿನ ಬಾಗಿಲಿನಿಂದ ಓಡಾಡಿದೆ. ವಿವರಣೆ ಕೊಡಬಹುದು, ವಯಸ್ಸು ಚಿಕ್ಕದು, ಕಾಲ ಕೆಟ್ಟದ್ದು, ಅಪ್ಪನ ಅಂಗಡಿ ಇತ್ತು, ಇನ್ನೂ ಏನೇನೋ. ಎಲ್ಲವನ್ನೂ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಾನು ಹೆದರಿದೆ, ಅಷ್ಟೇ ಸತ್ಯ.

ಆ ವಾರದ ಕೊನೆಗೆ ಒಂದು ತಂತಿ ಬಂತು. ಕನ್ಯಾ ರಾಶಿಯ ಒಂದು ಗ್ಯಾಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದಿದೆ, ಬೇರೆ ದೇಶದವರು ಕಂಡಿದ್ದಾರೆ, ನಿಮ್ಮಲ್ಲಿ ಹಿಂದಿನ ಪ್ಲೇಟು ಇವೆಯೇ ಎಂದು. ಸಾರ್ ಪೆಟ್ಟಿಗೆಗಳನ್ನು ಕೆಡವಿ ಕೂತರು. ಹನ್ನೊಂದನೆಯ ರಾತ್ರಿಯ ಪ್ಲೇಟಿನಲ್ಲಿ ಆ ಜಾಗ ಖಾಲಿ. ಹದಿಮೂರನೆಯ ರಾತ್ರಿಯದರಲ್ಲಿ ಹೆಸರುಕಾಳಿನಷ್ಟು ದಪ್ಪ ಚುಕ್ಕೆ. ಸಿಡಿದದ್ದು ನಡುವಿನ ರಾತ್ರಿ. ಲೋಕದಲ್ಲಿ ಯಾರ ಬಳಿಯೂ ಇಲ್ಲದ ಮೊದಲ ಬೆಳಕು ನಮಗೆ ಸಿಗಬೇಕಿತ್ತು. ಅವರು ಇಪ್ಪತ್ತು ವರ್ಷ ಕಾದದ್ದು ಅದಕ್ಕೇ.

ಪುಸ್ತಕ ತೆರೆದು ನೋಡಿದರು. ಆ ಹಳದಿ ಬೆರಳುಗಳಿಂದ ಮುಖ ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು. "ಏನು ಗ್ರಹಚಾರ ನೋಡು. ಇರಲಿ, ನೀನು ಬೇಜಾರು ಮಾಡಿಕೊಳ್ಳಬೇಡ. ಮೋಡಕ್ಕೆ ನೀನೇನು ಮಾಡುತ್ತೀ?"

ಕಾಳಿ ಹೊರಗೆ ಮೆಟ್ಟಿಲ ಮೇಲಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆನ್ನು ತಟ್ಟಿದ್ದು ತಡೆಯಲಾಗಲಿಲ್ಲ. ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ. ಅತ್ತೆ.  ನಕ್ಷತ್ರದ ಬಗ್ಗೆ ಕೇಳುತ್ತಾರೆಂದು ಕಾದೆ, ಕೇಳಲಿಲ್ಲ. "ಇಷ್ಟು ದಿನ ಆ ಹೆಂಗಸು ಇಲ್ಲಿ ಕೂತಿದ್ದು ಇದಕ್ಕಾ?" ಎಂದರು. ಹೌದೆಂದೆ. "ನಡಿ. ಚಪ್ಪಲಿ ಹಾಕಿಕೊ" ಎಂದರು.

ಪೊಲೀಸ್ ಕ್ಯಾಂಪಿನಲ್ಲಿ ಇನ್ಸ್‌ಪೆಕ್ಟರ್ ನಕ್ಕ. "ಮೊನ್ನೆ ಪುಸ್ತಕ ನಿಜ, ಇವತ್ತು ಬಾಯಿ ನಿಜ. ನಾಳೆ ಇನ್ನೇನು? ಸಹಿ ಹಾಕಿ ಸುಳ್ಳು ಬರೆಯುವವನ ಬಾಯಿಮಾತನ್ನು ನಾನು ಯಾಕೆ ನಂಬಬೇಕು?" ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದ ಹಾಗೆ ನನ್ನ ಸತ್ಯಕ್ಕೆ ಆ ಹೊತ್ತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಒಳಗಿನ ಕೋಣೆಯಿಂದ ಯಾರೋ ಕೆಮ್ಮುವುದು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತಿತ್ತು.

ಆಗ ದಾಮೋದರನ್ ಸಾರ್ ಕಾಗದ ಕೇಳಿ ತೆಗೆದುಕೊಂಡು, ನಿಂತುಕೊಂಡೇ ಬರೆದರು. ಪುಸ್ತಕದ ಆ ಪುಟ ಸುಳ್ಳು, ಅಂಥ ಪುಟಗಳು ಇನ್ನೂ ಇವೆ, ಈ ಋತುವಿನ ಯಾವ ನಮೂದನ್ನೂ ನಂಬುವಂತಿಲ್ಲ, ಹೊಣೆ ತನ್ನದು. "ಇನ್ನೆಷ್ಟು ಮೋಡ ಸುಳ್ಳು?" ಎಂದು ನನ್ನನ್ನು ಅಲ್ಲೇ ಕೇಳಿದರು. ನನಗೇ ನೆನಪಿರಲಿಲ್ಲ. ಆ ಕಾಗದಕ್ಕೆ ಸಹಿ ಹಾಕಿದರೆ ಒಂದು ವರ್ಷದ ದುಡಿಮೆ ಮಣ್ಣುಪಾಲು ಎಂದು ಅವರಿಗೆ ಗೊತ್ತಿತ್ತು. ಹಾಕಿದರು. ಪ್ರಕಟಣೆಗೆ ಕಳಿಸಿದ್ದ ಪ್ರಬಂಧವನ್ನು ಆಮೇಲೆ ತಾವೇ ಹಿಂದಕ್ಕೆ ತೆಗೆದುಕೊಂಡರು. ಒಂದು ಗುಡ್ಡಕ್ಕೆ ಎಷ್ಟು ತಿಳಿ ರಾತ್ರಿ ಎಂಬ ಪಟ್ಟಿಯೂ ಅದೇ ಪುಸ್ತಕದಿಂದ ಹೋಗುತ್ತಿತ್ತು. ನಮ್ಮ ಗುಡ್ಡಕ್ಕೆ ಬರಬಹುದೆಂದಿದ್ದ ದೊಡ್ಡ ದೂರದರ್ಶಕ ಬೇರೆ ಕಡೆಗೆ ಹೋಯಿತು. ಮಳೆಯೇ ಮುಖ್ಯ ಕಾರಣ ಎಂದರು, ನನ್ನ ಮೋಡಗಳೂ ಅದಕ್ಕೆ ಸೇರಿದ್ದವು.

ಕೇತನನ್ನು ಮತ್ತೆ ಹನ್ನೆರಡು ದಿನ ಕಳೆದು ಬಿಟ್ಟರು. ಒಟ್ಟು ಹತ್ತೊಂಬತ್ತು ದಿನ. ನಾನು ಮೊದಲ ದಿನವೇ ನಿಜ ಹೇಳಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕ ನನಗೆ ಇವತ್ತಿಗೂ ಹರಿಯುವುದಿಲ್ಲ. ಕಾಳಿಯ ಹೆಗಲು ಹಿಡಿದು ನಡೆದು ಬಂದ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಜೇನಿನ ಮರ ಮತ್ತೆ ಹತ್ತಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ. "ನಿನ್ನನ್ನು ಕಳಿಸಿದರೆ ಇನ್ನೊಬ್ಬ ಬಂದು ಅದನ್ನೇ ಬರೆಯುತ್ತಾನೆ. ನೀನಾದರೆ ಇನ್ನು ಬರೆಯಲಾರೆ" ಎಂದರು ಸಾರ್. ಹಾಗೆ ಉಳಿದೆ. ಆಮೇಲೆ ಬೇರೆ ಬೆಟ್ಟ, ಬೇರೆ ದೂರದರ್ಶಕ, ಗಾಜು ಹೋಗಿ ಕಂಪ್ಯೂಟರ್ ಬಂತು. ಅದನ್ನೆಲ್ಲ ನಿಮಗೆ ಬೇರೆಯವರು ಹೇಳುತ್ತಾರೆ.

ಮಳೆ ಕಳೆದು ಕ್ಯಾಂಪು ತೆರೆದಾಗ ಕೇತ ಬಂದ. ಬೇರೆ ಕೂಲಿ ಯಾರೂ ಕೊಡುತ್ತಿರಲಿಲ್ಲ, ಒಮ್ಮೆ ಪೊಲೀಸರು ಮುಟ್ಟಿದವನು. ನಾನು ಹಾಡಿಯ ದಾರಿಯವರೆಗೆ ಇಳಿದು ಹೋಗಿ, "ತಪ್ಪಾಯ್ತು ಕೇತಣ್ಣ" ಎಂದೆ. 

"ಆಯ್ತು ಸಾರ್" ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಸಾರ್ ಎಂದದ್ದೇ ಇಲ್ಲ.

ಆ ಸಂಜೆ ಛಾವಣಿಯ ಹಗ್ಗದ ಬಳಿ ಹೋಗಿ ನಿಂತ. ಎಳೆಯಲಿಲ್ಲ.

"ಬರಿ" ಎಂದ.

"ಏನು ಬರೆಯಲಿ?"

"ನಾ ಬಂದಿವ್ನಿ ಅಂತ. ಬೆಳಕಿದ್ದಂಗೇ ಬರಿ."

ಪುಸ್ತಕ ತಂದು ಅವನ ಕಣ್ಣೆದುರಿಗೇ ಬರೆದೆ. ಅವನಿಗೆ ಓದಲು ಬಾರದು. ಎಡಗೈಯಿಂದ ಪುಸ್ತಕ ಇಸಿದುಕೊಂಡು ಅಡುಗೆ ಚಾವಡಿಗೆ ಹೋದ. ಒಳಗಿನ ಮಾತು ನನಗೆ ಕೇಳುತ್ತಿತ್ತು.

"ವರ್ಕಿ, ಏನ್ ಬರ್ದದೆ ಓದು."

ಪುಸ್ತಕ ಬರೆಯುವುದು ಇಂಗ್ಲಿಷಿನಲ್ಲಿ, ವರ್ಕಿಗೆ ಅದು ಬಾರದು. ನನ್ನನ್ನು ಕೂಗಿ, ಇದೆಂಥ ಅಕ್ಷರ ಸಾರೇ ಎಂದ. ನಾನು ಹೋಗಿ ಅಡ್ಡಗೆರೆ ಎಳೆದು ಕೆಳಗೆ ಮಲಯಾಳಂನಲ್ಲಿ ಬರೆದೆ. ವರ್ಕಿ ಗಟ್ಟಿಯಾಗಿ ಓದಿದ, ಕೇತ, ಹಾಜರ್.

"ನನ್ ಹೆಸ್ರೇಯ?"

"ನಿನ್ನದೇ ಮಾರಾಯಾ."

ಕೇತ ಬಂದು ಎಡಗೈಗೆ ಹಗ್ಗ ಸುತ್ತಿಕೊಂಡು ಛಾವಣಿ ಎಳೆದ.

ಕ್ಯಾಂಪು ಮುಚ್ಚುವವರೆಗೆ ಮೂರು ಋತು, ಪ್ರತಿ ಸಂಜೆ ಹೀಗೇ ನಡೆಯಿತು. ತಿಳಿಯಿರಲಿ, ಮೋಡವಿರಲಿ, ನಾನು ಬರೆಯಬೇಕು, ಅವನು ಪುಸ್ತಕ ಒಯ್ಯಬೇಕು, ವರ್ಕಿ ಓದಬೇಕು. ವರ್ಕಿ ಮೊದಮೊದಲು ನಗುತ್ತಿದ್ದ, ಆಮೇಲೆ ಕೈ ಒರೆಸಿಕೊಂಡು ಎದ್ದು ನಿಂತು ಓದುತ್ತಿದ್ದ. ಕೇತ ನನ್ನೊಡನೆ ಜಗಳವಾಡಲಿಲ್ಲ, ಮುಖ ಸಿಂಡರಿಸಲಿಲ್ಲ, ಆನೆ ಬಂದರೆ ಹೇಳಿದ, ಹೊಗೆ ಯಾವುದು ಮೋಡ ಯಾವುದು ಎಂದೂ ಹೇಳಿದ. ಅವನು ಇಸಿದುಕೊಳ್ಳುವವರೆಗೆ ಪುಸ್ತಕ ನನ್ನ ಕೈಯಲ್ಲೇ ಇರುತ್ತಿತ್ತು, ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಒಂದು ಸಂಜೆಯೂ ಅವನು ಅದನ್ನು ಓದಿ ಹೇಳಲು ನನ್ನನ್ನು ಕೇಳಲಿಲ್ಲ.